ಮಳೆಯ ಲೆಕ್ಕವಿದೆ, ಹಳ್ಳದ ಲೆಕ್ಕವೆಲ್ಲಿ?

ನಿನ್ನೆ ನಮ್ಮ ಪಂಚಾಯಿತಿಯಲ್ಲಿ ಎಷ್ಟು ಮಳೆಯಾಯಿತೆಂದು ಕೇಳಿದರೆ ಇಂದು ಉತ್ತರ ದೊರೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಬಿದ್ದ ಮಳೆ ಮುಂದೆ ಏನಾಯಿತು? ಅದರಲ್ಲಿ ಎಷ್ಟು ಪಾಲು ನೆಲಕ್ಕೆ ಇಂಗಿತು, ಎಷ್ಟು ಪಾಲು ಕೆಂಪು ಮಣ್ಣನ್ನು ಹೊತ್ತು ಒಂದೇ ರಾತ್ರಿಯಲ್ಲಿ ಹಳ್ಳ ಹಿಡಿದು ಹೋಯಿತು, ಎಷ್ಟು ಪಾಲು ಒರತೆಯಾಗಿ ಮಾಘಮಾಸದವರೆಗೂ ಹರಿಯಿತು? ಈ ಪ್ರಶ್ನೆಗಳನ್ನು ಕೇಳಿದರೆ ಯಾವ ಕಚೇರಿಯ ಕಡತದಲ್ಲಿಯೂ ನಮ್ಮ ಹಳ್ಳದ ಉತ್ತರವಿಲ್ಲ. ಆಯವನ್ನು ಮಾತ್ರ ಬರೆದುಕೊಂಡು ವ್ಯಯವನ್ನು ಬರೆಯದ ಜಮಾಖರ್ಚಿನಂತಿದೆ ನಮ್ಮ ನೀರಿನ ಲೆಕ್ಕ.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರುಗಳಲ್ಲಿ ಈ ಮಾತು ಇನ್ನಷ್ಟು ಮುಖ್ಯವಾಗುತ್ತದೆ. ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಸವಣೂರು ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನ ನೆಲ. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು, ಪೂರ್ವಕ್ಕೆ ಬಂದಂತೆ ಕಡಿಮೆ. ಇಂಥ ಅಂಚಿನ ಪ್ರದೇಶದಲ್ಲಿ ಜಲಾನಯನದ ಆರೋಗ್ಯ ಸ್ವಲ್ಪ ಕೆಟ್ಟರೂ ಅದರ ಫಲ ಕೂಡಲೇ ಕಾಣುತ್ತದೆ. ಹಳ್ಳ ಒಂದು ತಿಂಗಳು ಮೊದಲೇ ಬತ್ತುತ್ತದೆ, ಬಾವಿ ಬತ್ತುತ್ತದೆ, ಕೊಳವೆಬಾವಿಯ ಆಳ ಹೆಚ್ಚುತ್ತದೆ, ರೈತನ ಸಾಲವೂ ಹೆಚ್ಚುತ್ತದೆ.

ಹರಿವು ಹೇಳುವ ಸತ್ಯ

ಜಲಾನಯನವೆಂದರೆ ಒಂದು ಹಳ್ಳಕ್ಕೆ ನೀರನ್ನು ಕೊಡುವ ಸಮಸ್ತ ನೆಲ. ಅದರ ಗುಡ್ಡ, ಗೋಮಾಳ, ಹೊಲ, ಕೆರೆ, ಊರು, ರಸ್ತೆ ಎಲ್ಲವೂ ಅದರೊಳಗೆ ಸೇರುತ್ತವೆ. ಆ ನೆಲದ ಮೇಲೆ ನಡೆಯುವ ಪ್ರತಿಯೊಂದು ಕ್ರಿಯೆಯ ಪರಿಣಾಮವೂ ಕೊನೆಗೆ ಹಳ್ಳದ ಬಾಯಿಯಲ್ಲಿ ಬಂದು ನಿಲ್ಲುತ್ತದೆ. ವೈದ್ಯನು ನಾಡಿಯನ್ನು ಹಿಡಿದು ದೇಹದ ಸ್ಥಿತಿಯನ್ನು ಅರಿಯುವಂತೆ ಹರಿವನ್ನು ಅಳೆದು ನೆಲದ ಸ್ಥಿತಿಯನ್ನು ಅರಿಯಬಹುದು.

ಲೆಕ್ಕವನ್ನು ಒಮ್ಮೆ ನೋಡೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. 500 ಹೆಕ್ಟೇರಿನ ಒಂದು ಕಿರುಜಲಾನಯನದ ಮೇಲೆ ವರ್ಷಕ್ಕೆ 800 ಮಿ.ಮೀ. ಮಳೆಯಾದರೆ 400 ಕೋಟಿ ಲೀಟರ್. ಇದರ ಬಹುಪಾಲು ಬೆಳೆ, ಮರ, ಮಣ್ಣುಗಳ ಮೂಲಕ ಆವಿಯಾಗಿ ಮೇಲೇರುತ್ತದೆ. ಉಳಿದದ್ದು ಎರಡು ದಾರಿ ಹಿಡಿಯುತ್ತದೆ. ಮೊದಲನೆಯದು ಮಳೆ ಬಿದ್ದ ಕೂಡಲೇ ನೆಲದ ಮೇಲೆ ಓಡುವ ರಭಸದ ಹರಿವು. ಎರಡನೆಯದು ಮಣ್ಣಿಗಿಳಿದು, ತಡೆದು ತಡೆದು, ಒರತೆಯಾಗಿ ಹಳ್ಳಕ್ಕೆ ಬರುವ ಮೂಲಹರಿವು. ಮೊದಲನೆಯದು ಹೂಳನ್ನು ತರುತ್ತದೆ, ಎರಡನೆಯದು ಬೇಸಿಗೆಯನ್ನು ದಾಟಿಸುತ್ತದೆ. ಜಲಾನಯನ ಆರೋಗ್ಯವಾಗಿದೆಯೇ ಎಂಬ ಪ್ರಶ್ನೆಯೆಂದರೆ ಈ ಎರಡರ ನಡುವಣ ಅನುಪಾತ ಹೇಗಿದೆ ಎಂಬ ಪ್ರಶ್ನೆಯೇ ಆಗಿದೆ.

ಉದಾಹರಣೆಗೆಂದು ಎರಡು ಹಳ್ಳಗಳನ್ನು ಊಹಿಸಿಕೊಳ್ಳಿ. ಸ್ವಾತಿ ಮಳೆ ಮುಗಿಯುವಾಗ ಎರಡರಲ್ಲಿಯೂ ಸೆಕೆಂಡಿಗೆ 64 ಲೀಟರ್ ನೀರು ಹರಿಯುತ್ತಿದೆ. ಮೊದಲನೆಯ ಹಳ್ಳದ ಹರಿವು 20 ದಿನಕ್ಕೊಮ್ಮೆ ಅರ್ಧವಾಗುತ್ತದೆ, ಎರಡನೆಯದು 40 ದಿನಕ್ಕೊಮ್ಮೆ. ನಾಲ್ಕು ತಿಂಗಳ ನಂತರ, ಅಂದರೆ ಶಿವರಾತ್ರಿಯ ಹೊತ್ತಿಗೆ, ಮೊದಲನೆಯದರಲ್ಲಿ ಉಳಿಯುವುದು ಸೆಕೆಂಡಿಗೆ 1 ಲೀಟರ್ ಮಾತ್ರ. ಎರಡನೆಯದರಲ್ಲಿ 8 ಲೀಟರ್, ದಿನಕ್ಕೆ ಸುಮಾರು 6.9 ಲಕ್ಷ ಲೀಟರ್. ಸ್ವಾತಿಯ ದಿನ ದಂಡೆಯಲ್ಲಿ ನಿಂತು ನೋಡಿದವರಿಗೆ ಎರಡೂ ಹಳ್ಳಗಳು ಒಂದೇ. ಅವುಗಳ ವ್ಯತ್ಯಾಸ ತಿಳಿಯುವುದು ಕ್ರಮವಾಗಿ ಅಳೆದವರಿಗೆ ಮಾತ್ರ.

ವರದೆಯ ಎರಡು ಮುಖ

ನಮ್ಮ ಭಾಗದ ಹಳ್ಳಗಳ ಬಹುಪಾಲು ಸೇರುವುದು ವರದೆಯನ್ನು. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲಿನ ನೆಲವನ್ನು ಹಾಯ್ದು, ಕೂಡಲದಲ್ಲಿ ಧರ್ಮಾ ನದಿಯನ್ನು ಕೂಡಿಕೊಂಡು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ನದಿ ಇದು. ಹುಟ್ಟುವಲ್ಲಿ ಮಲೆನಾಡಿನ ಜಡಿಮಳೆ, ಸೇರುವಲ್ಲಿ ಬಯಲಿನ ಬಿಸಿಲು.

2019ರ ಆಗಸ್ಟಿನಲ್ಲಿ ವರದಾ ಮತ್ತು ಧರ್ಮಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯ ಹೊಲ ಮನೆಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅದಾದ ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ನೆರೆಗೂ ಬರಕ್ಕೂ ಮುಖ್ಯ ಕಾರಣ ಮಳೆಯ ಏರಿಳಿತವೇ ಎಂಬುದು ನಿಜ. ಆದರೆ ಬಿದ್ದ ಮಳೆಯನ್ನು ಎಷ್ಟು ಹೊತ್ತು ಹಿಡಿದಿಡಬಲ್ಲೆವೆಂಬುದು ನೆಲದ ಗುಣ. ಮಳೆ ನಮ್ಮ ಕೈಯಲ್ಲಿಲ್ಲ, ನೆಲ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಯಾವುದರಲ್ಲಿ ಮಳೆಯ ಪಾಲೆಷ್ಟು, ನೆಲದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಬೇಕಾದರೆ ಮಳೆ ಮತ್ತು ಹರಿವು ಎರಡರ ದಾಖಲೆಯೂ ಬೇಕು.

ದೊಡ್ಡ ನದಿಯಲ್ಲಿ ಇಂಥ ದಾಖಲೆ ಇದೆ. ವರದೆಯ ಕೆಳಭಾಗದಲ್ಲಿ, ಮರೋಳದಲ್ಲಿ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಆದರೆ ಅಲ್ಲಿ ಅಳೆಯುವ ನೀರು ಸಾವಿರಾರು ಚದರ ಕಿಲೋಮೀಟರಿನಿಂದ ಕೂಡಿ ಬಂದದ್ದು. ಸಾಗರದ ಅಡಕೆ ತೋಟ, ಸೊರಬದ ಕೆರೆಗಳು, ಮುಂಡಗೋಡದ ಕಾಡು, ಹಾನಗಲ್ಲಿನ ಗದ್ದೆ, ಶಿಗ್ಗಾಂವಿಯ ಗೋವಿನಜೋಳದ ಹೊಲ ಎಲ್ಲವೂ ಆ ಒಂದು ಅಂಕಿಯಲ್ಲಿ ಕರಗಿಹೋಗಿರುತ್ತವೆ. ಯಾವ ಹಳ್ಳ ಸೊರಗಿದೆ, ಯಾವುದು ಚೇತರಿಸಿಕೊಂಡಿದೆ ಎಂಬುದನ್ನು ಆ ಅಂಕಿಯಿಂದ ಹೇಳಲಾಗದು. ಕುಟುಂಬದ ಒಟ್ಟು ತೂಕವನ್ನು ನೋಡಿ ಯಾವ ಮಗು ಬಡಕಲಾಗಿದೆಯೆಂದು ಹೇಳಲಾಗದಂತೆ ಇದು.

ಊಟಿಯ ಎರಡು ಕಣಿವೆಗಳು

ಸಣ್ಣ ತೊರೆಗಳನ್ನು ಬಹುಕಾಲ ಅಳೆಯುವುದರಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಕೊವೀಟಾದಲ್ಲಿ 1934ರಿಂದ ಬೆಟ್ಟದ ತೊರೆಗಳ ಹರಿವನ್ನು ಅಳೆಯುತ್ತ ಬಂದಿದ್ದಾರೆ. ಕಾಡು ಮತ್ತು ನೀರಿನ ಸಂಬಂಧದ ಬಗ್ಗೆ ಜಗತ್ತು ಇಂದು ತಿಳಿದಿರುವುದರಲ್ಲಿ ಬಹುಪಾಲು ಇಂಥ ತಾಳ್ಮೆಯ ಕೆಲಸದಿಂದ ಬಂದದ್ದು.

ನಮಗೆ ಹತ್ತಿರದ ನಿದರ್ಶನ ನೀಲಗಿರಿ ಬೆಟ್ಟದಲ್ಲಿದೆ. ಊಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗ್ಲೆನ್‌ಮಾರ್ಗನ್ ಎಂಬಲ್ಲಿ ಅಕ್ಕಪಕ್ಕದ ಎರಡು ಸಣ್ಣ ಕಣಿವೆಗಳನ್ನು ಆರಿಸಿಕೊಂಡು 1968ರಿಂದ ಎರಡರ ಹರಿವನ್ನೂ ಅಳೆದರು. 1972ರಲ್ಲಿ ಒಂದು ಕಣಿವೆಯಲ್ಲಿ ನೀಲಗಿರಿ ಮರಗಳನ್ನು ನೆಟ್ಟು, ಇನ್ನೊಂದನ್ನು ಮೊದಲಿದ್ದಂತೆ ಬಿಟ್ಟರು. ಮೊದಲ ಹತ್ತು ವರ್ಷಗಳ ಬೆಳೆಯ ಅವಧಿಯಲ್ಲಿ ನೀಲಗಿರಿ ಬೆಳೆದ ಕಣಿವೆಯ ಹರಿವು ಸುಮಾರು ಶೇಕಡ 16ರಷ್ಟು ತಗ್ಗಿತು. ಕಡಿದ ಬುಡಗಳಿಂದ ಚಿಗುರಿದ ಎರಡನೆಯ ಅವಧಿಯಲ್ಲಿ ಈ ಇಳಿಕೆ ಶೇಕಡ 25ರಷ್ಟಾಯಿತು. ಎರಡೂ ಕಣಿವೆಗಳಿಗೆ ಮಳೆ ಒಂದೇ ಆಗಿದ್ದರಿಂದ ಮಳೆಯನ್ನು ದೂರುವಂತಿರಲಿಲ್ಲ.

ಹಾನಗಲ್ಲು ತಾಲ್ಲೂಕಿನವರಿಗೆ ನೀಲಗಿರಿಯ ಮಾತು ಹೊಸದಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದಲ್ಲಿ ಜನರು ಊರಿನ ಸಾಮೂಹಿಕ ಭೂಮಿಯಲ್ಲಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳನ್ನು ನೆಟ್ಟರು. ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಸಂಘಟಿಸಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊಕದ್ದಮೆಗೆ ಹೆಸರು ಕೊಟ್ಟಿದ್ದರು. ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಕಾಗದದ ತಿರುಳಿನ ಮರಕ್ಕೆ ಮೀಸಲಿಡಬೇಕೆಂದಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಮುಂದೆ ಮುಚ್ಚಲಾಯಿತು. ಅದು ಮುಖ್ಯವಾಗಿ ಮೇವು, ಉರುವಲು ಮತ್ತು ಹಕ್ಕಿನ ಹೋರಾಟವಾಗಿತ್ತು. ಹಕ್ಕಿನ ಮಾತಿಗೆ ಹಳ್ಳದ ಅಂಕಿಯೂ ಜೊತೆಯಾದರೆ ವಾದದ ಬಲ ಇಮ್ಮಡಿಯಾಗುತ್ತದೆಂಬುದೇ ಇಲ್ಲಿ ಹೇಳಬೇಕಾದ ಮಾತು.

ಅಂಕಿಗೆ ಆ ಬಲವಿದೆಯೆಂಬುದಕ್ಕೆ ನಮ್ಮ ಜಿಲ್ಲೆಗಳ ಇತಿಹಾಸವೇ ಸಾಕ್ಷಿ. 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಅಡಕೆ ಬೆಳೆಗಾರರೂ ವಿಜ್ಞಾನಿಗಳೂ ಒಂದೆಡೆ ಕುಳಿತು ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ ನಷ್ಟಗಳನ್ನು ಲೆಕ್ಕ ಹಾಕಿದರು. ಘೋಷಣೆಗಳ ಜೊತೆಗೆ ಲೆಕ್ಕವೂ ಇದ್ದುದರಿಂದ ಆ ಮಾತನ್ನು ತಳ್ಳಿಹಾಕುವುದು ಸುಲಭವಾಗಲಿಲ್ಲ. ಆ ಯೋಜನೆಯನ್ನು ಕೈಬಿಡಲಾಯಿತು.

ಕಾಮಗಾರಿಯ ಲೆಕ್ಕ, ನೀರಿನ ಲೆಕ್ಕ

ಜಲಾನಯನ ಅಭಿವೃದ್ಧಿಯಲ್ಲಿ ಹಾವೇರಿ ಜಿಲ್ಲೆ ಹಿಂದೆ ಬಿದ್ದಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ನಡೆದ ಸುಜಲ ಯೋಜನೆಗೆ ಆರಿಸಲಾದ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ ಉಳಿದವು. ಬದು, ಕೃಷಿಹೊಂಡ, ತಡೆಅಣೆ, ಅರಣ್ಯೀಕರಣ, ಸ್ವಸಹಾಯ ಸಂಘ ಇವೆಲ್ಲವೂ ಅದರಲ್ಲಿದ್ದವು. ಉಪಗ್ರಹ ಚಿತ್ರಗಳಿಂದ ಬೆಳೆ ಮತ್ತು ಹಸಿರಿನ ಬದಲಾವಣೆಯನ್ನು ಗುರುತಿಸುವ ವ್ಯವಸ್ಥೆಯೂ ಇತ್ತು, ಅದು ದೇಶಕ್ಕೆ ಮಾದರಿಯೆನಿಸಿತು. ಬೇರೆ ಜಿಲ್ಲೆಗಳಲ್ಲಿ ನಡೆದ ಸುಜಲದ ಮೂರನೆಯ ಹಂತದಲ್ಲಿ ಕೆಲವು ಮಾದರಿ ಕಿರುಜಲಾನಯನಗಳಲ್ಲಿ ಹರಿವನ್ನು ಅಳೆಯುವ ಕೆಲಸವೂ ನಡೆಯಿತು. ಅದು ಸರಿಯಾದ ದಿಕ್ಕು.

ಆದರೆ ಯೋಜನೆಗಳಿಗೆ ಆರಂಭವಿದ್ದಂತೆ ಅಂತ್ಯವೂ ಇದೆ. ಯೋಜನೆ ಮುಗಿದೊಡನೆ ಉಪಕರಣ ಅನಾಥವಾಗುತ್ತದೆ, ಕಡತ ಕಪಾಟು ಸೇರುತ್ತದೆ. ಊರಿನ ಫಲಕದ ಮೇಲೆ ಉಳಿಯುವುದು ಖರ್ಚಾದ ರೂಪಾಯಿ ಮತ್ತು ಕಟ್ಟಿದ ತಡೆಅಣೆಗಳ ಸಂಖ್ಯೆ. ಹತ್ತು ತಡೆಅಣೆ ಕಟ್ಟಿದ್ದೇವೆ ಎನ್ನುವುದು ಕೆಲಸದ ಲೆಕ್ಕ. ಹಳ್ಳ ಇಪ್ಪತ್ತು ದಿನ ಹೆಚ್ಚು ಹರಿಯಿತು ಎನ್ನುವುದು ಫಲದ ಲೆಕ್ಕ. ಔಷಧದ ಬಾಟಲಿಗಳನ್ನು ಎಣಿಸಿ ರೋಗಿ ಗುಣವಾದನೆಂದು ಹೇಳುವ ಪದ್ಧತಿಯನ್ನು ನಾವು ಎಷ್ಟು ಕಾಲ ಸಹಿಸಬೇಕು? ಜಲಾನಯನದ ಕಾಮಗಾರಿಗೆ ಹಣ ಕೊಡುವ ಪ್ರತಿಯೊಂದು ಯೋಜನೆಯೂ ಕಾಮಗಾರಿಗೆ ಮೊದಲು ಎರಡು ವರ್ಷ, ನಂತರ ಕನಿಷ್ಠ ಐದು ವರ್ಷ ಹಳ್ಳದ ಹರಿವನ್ನು ಅಳೆಯುವ ಷರತ್ತನ್ನು ಹೊಂದಿರಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರ ಖರ್ಚು ಒಂದು ತಡೆಅಣೆಯ ಖರ್ಚಿಗಿಂತ ಬಹಳ ಕಡಿಮೆ.

ಅಳೆಯುವ ಬಗೆ

ಇದಕ್ಕೆ ದೊಡ್ಡ ಉಪಕರಣಗಳು ಬೇಕಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ಮಾಡಬಹುದಾದ ಮೂರು ವಿಧಾನಗಳಿವೆ.

ಒಂದು, ಕೊಡದ ವಿಧಾನ. ಬೇಸಿಗೆಯ ಸಣ್ಣ ಒರತೆಗೆ ಒಂದು ದೋಣಿ ಅಥವಾ ಕೊಳವೆ ಹಚ್ಚಿ, ಎಲ್ಲ ನೀರೂ ಅದರ ಮೂಲಕ ಬೀಳುವಂತೆ ಮಾಡಿ. 10 ಲೀಟರಿನ ಬಕೆಟ್ 5 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ 2 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಎರಡು, ತೇಲುವ ವಸ್ತುವಿನ ವಿಧಾನ. ಹಳ್ಳ ನೇರವಾಗಿರುವ ಕಡೆ 10 ಮೀಟರ್ ಉದ್ದವನ್ನು ಗುರುತಿಸಿ. ಅಗಲವನ್ನೂ, ಐದಾರು ಕಡೆ ಆಳವನ್ನೂ ಅಳೆಯಿರಿ. ಅಗಲ 2 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್ ಇದ್ದರೆ ಅಡ್ಡಕೊಯ್ತ 0.4 ಚದರ ಮೀಟರ್. ಅರ್ಧ ನೀರು ತುಂಬಿದ ಸಣ್ಣ ಬಾಟಲಿಯನ್ನು ತೇಲಿಬಿಡಿ. 10 ಮೀಟರ್ ಸಾಗಲು ಅದು 25 ಸೆಕೆಂಡ್ ತೆಗೆದುಕೊಂಡರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ತಳದ ಕಲ್ಲು ಮಣ್ಣಿನ ತಡೆಯಿಂದ ಒಳಗಿನ ನೀರು ನಿಧಾನವಾಗಿ ಚಲಿಸುವುದರಿಂದ ಇದನ್ನು 0.8ರಿಂದ ಗುಣಿಸಬೇಕು. 0.4 × 0.4 × 0.8 = 0.128 ಘನಮೀಟರ್, ಅಂದರೆ ಸೆಕೆಂಡಿಗೆ 128 ಲೀಟರ್. ದಿನಕ್ಕೆ ಸುಮಾರು 1.1 ಕೋಟಿ ಲೀಟರ್!

ಮೂರು, ಕೊರೆದ ಹಲಗೆಯ ವಿಧಾನ. ತಗಡು ಅಥವಾ ಹಲಗೆಯಲ್ಲಿ 90 ಅಂಶದ ಮುಮ್ಮೂಲೆಯ ಕೊರೆತ ಮಾಡಿ, ಹಳ್ಳಕ್ಕೆ ಅಡ್ಡವಾಗಿ, ಪಕ್ಕಗಳಿಂದ ನೀರು ಸೋರದಂತೆ ನಿಲ್ಲಿಸಬೇಕು. ಹಲಗೆಯಿಂದ ತುಸು ಹಿಂದೆ, ಕೊರೆತದ ತುದಿಯ ಮಟ್ಟದಿಂದ ನೀರು ಎಷ್ಟು ಎತ್ತರವಿದೆಯೆಂದು ಅಳೆದರೆ ಸಾಕು. ಎತ್ತರ 10 ಸೆಂಟಿಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, 5 ಸೆಂಟಿಮೀಟರ್ ಇದ್ದರೆ 0.8 ಲೀಟರಿಗೂ ತುಸು ಕಡಿಮೆ. ಎತ್ತರ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಆರನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಕಣ್ಣಂದಾಜು ಏಕೆ ಮೋಸ ಮಾಡುತ್ತದೆಂಬುದಕ್ಕೆ ಇದೇ ಉತ್ತರ.

ವಾರಕ್ಕೊಮ್ಮೆ ಅಳೆದರೆ ಉತ್ತಮ. ನಮ್ಮ ಭಾಗದಲ್ಲಿ ಸೋಮವಾರ ಎತ್ತು ಹೂಡದ ರೂಢಿಯಿದೆ, ಅಂದು ಕೆಲವರಾದರೂ ಬಿಡುವಾಗಿರುತ್ತಾರೆ. ಅದೂ ಸಾಧ್ಯವಾಗದಿದ್ದರೆ ಪ್ರತಿ ಅಮಾವಾಸ್ಯೆಯಂದು ಅಳೆಯಬಹುದು. ಹರಿವಿನ ಜೊತೆಗೆ ನೀರಿನ ಬಣ್ಣ, ಮಳೆ ನಿಂತ ಎಷ್ಟು ದಿನಕ್ಕೆ ನೀರು ತಿಳಿಯಾಯಿತು, ಹಳ್ಳ ಎಂದು ಬತ್ತಿತು, ಹತ್ತಿರದ ತೆರೆದ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಎಂಬುದನ್ನೂ ಬರೆಯಬೇಕು. ತುಂಬಿ ಹರಿಯುವಾಗ ಮಾತ್ರ ಯಾರೂ ಹಳ್ಳಕ್ಕೆ ಇಳಿಯಬಾರದು. ಆಗ ದಂಡೆಯ ಅಥವಾ ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಬರೆದ ಅಳತೆಗೆರೆಯನ್ನು ದೂರದಿಂದ ಓದಿದರೆ ಸಾಕು.

ಕೆಲವು ಎಚ್ಚರಿಕೆಗಳು

ಅಂಕಿ ಸುಳ್ಳು ಹೇಳದು, ಆದರೆ ಅದನ್ನು ಓದುವವರು ತಪ್ಪಾಗಿ ಓದಬಹುದು. ಆದ್ದರಿಂದ ನಾಲ್ಕು ಮಾತು.

ಮೊದಲನೆಯದಾಗಿ, ಒಂದು ವರ್ಷದ ಅಂಕಿಯಿಂದ ಏನನ್ನೂ ಹೇಳಬಾರದು. ಒಳ್ಳೆಯ ಮಳೆಯ ವರ್ಷದಲ್ಲಿ ಕೆಟ್ಟ ಜಲಾನಯನವೂ ಒಳ್ಳೆಯದಾಗಿ ಕಾಣುತ್ತದೆ. ಮಳೆಯ ದಾಖಲೆಯ ಪಕ್ಕದಲ್ಲಿಟ್ಟು, ಸಾಧ್ಯವಾದರೆ ಕಾಮಗಾರಿ ನಡೆಯದ ಪಕ್ಕದ ಹಳ್ಳದೊಡನೆ ಹೋಲಿಸಿ ನೋಡಬೇಕು.

ಎರಡನೆಯದಾಗಿ, ಬೇಸಿಗೆಯ ಹರಿವು ತಗ್ಗಿದರೆ ಕಾರಣ ಗುಡ್ಡ ಬೋಳಾದದ್ದೇ ಆಗಬೇಕಿಲ್ಲ. ಸುತ್ತಲಿನ ಕೊಳವೆಬಾವಿಗಳು ಒರತೆಯ ನೀರನ್ನು ನೆಲದಡಿಯಲ್ಲಿಯೇ ಎತ್ತಿಕೊಳ್ಳುತ್ತಿರಬಹುದು. ಆದ್ದರಿಂದ ಕೊಳವೆಬಾವಿಗಳ ಸಂಖ್ಯೆ, ನೀರಾವರಿ ಬೆಳೆಯ ವಿಸ್ತಾರ ಇವೂ ಪುಸ್ತಕದಲ್ಲಿರಬೇಕು.

ಮೂರನೆಯದಾಗಿ, ಮರಳು ತೆಗೆದ ಹಳ್ಳದ ತಳ ಕುಸಿಯುತ್ತದೆ. ತಳ ಕುಸಿದರೆ ಹಳೆಯ ಅಳತೆಗೆರೆಯ ಅರ್ಥವೇ ಬದಲಾಗುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅಡ್ಡಕೊಯ್ತವನ್ನು ಹೊಸದಾಗಿ ಅಳೆಯಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಮೇಲಿನ ಊರಿನವರು ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಅವರ ಬಾವಿ ತುಂಬುತ್ತದೆ, ಕೆಳಗಿನ ಊರಿನ ಕೆರೆಗೆ ಬರುವ ನೀರು ಕಡಿಮೆಯಾಗಬಹುದು. ಮೇಲಿನವರಿಗೆ ಇದು ಯಶಸ್ಸು, ಕೆಳಗಿನವರಿಗೆ ಅನ್ಯಾಯ. ಹೊಲಗಳ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿಸಿ ನೀರನ್ನು ಇಂಗಿಸುವುದಕ್ಕೂ ಹಳ್ಳದುದ್ದಕ್ಕೂ ಗೋಡೆ ಕಟ್ಟಿ ನೀರನ್ನು ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ರಭಸದ ಹರಿವಿನ ಒಂದು ಪಾಲನ್ನಾದರೂ ಮೂಲಹರಿವಾಗಿ ಮಾರ್ಪಡಿಸಬಲ್ಲದು, ಎರಡನೆಯದು ಅತಿಯಾದರೆ ಪಾಲನ್ನು ಕಸಿಯುತ್ತದೆ. ಆದ್ದರಿಂದ ಅಳತೆ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ನಡೆಯಬೇಕು. ಎರಡೂ ಊರಿನವರು ಒಂದೇ ಪುಸ್ತಕವನ್ನು ನೋಡಬೇಕು.

‘ಹೆಚ್ಚುವರಿ ನೀರು’ ಎಂಬ ಮಾತು

ಈ ಲೆಕ್ಕ ಇಂದು ಏಕೆ ತುರ್ತಿನದೆಂದರೆ, ನಮ್ಮ ನದಿಗಳ ಬಗ್ಗೆ ದೊಡ್ಡ ನಿರ್ಧಾರಗಳು ಕೈಗೊಳ್ಳಲ್ಪಡುತ್ತಿವೆ. ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದೆಗೆ ತರುವ ಬೇಡ್ತಿ-ವರದಾ ಜೋಡಣೆಯ ಪ್ರಸ್ತಾಪ ಹಲವು ದಶಕಗಳಷ್ಟು ಹಳೆಯದು. ಶಿರಸಿ, ಯಲ್ಲಾಪುರದ ಕಡೆಯವರು ಇದನ್ನು ವಿರೋಧಿಸುತ್ತ ಬಂದಿದ್ದಾರೆ. ಹಾವೇರಿಯ ಕಡೆ ಅನೇಕ ರೈತರು ನೀರು ಬರಲಿ ಎನ್ನುತ್ತಾರೆ. ಬಾಯಾರಿದವನು ನೀರು ಕೇಳುವುದನ್ನು ತಪ್ಪೆನ್ನಲಾಗದು. ಬಯಲಿನ ರೈತನನ್ನು ಮಲೆನಾಡಿನ ಶತ್ರುವೆಂದು ಕಾಣುವವರ ಜೊತೆ ನಾನಿಲ್ಲ.

ಆದರೆ ಒಂದು ನದಿಯಲ್ಲಿ ‘ಹೆಚ್ಚುವರಿ’ ಇದೆ, ಇನ್ನೊಂದರಲ್ಲಿ ‘ಕೊರತೆ’ ಇದೆ ಎಂಬ ಮಾತನ್ನು ವರ್ಷದ ಒಟ್ಟು ಹರಿವಿನ ಮೇಲೆ ನಿರ್ಧರಿಸುವುದು ಸರಿಯಲ್ಲ. ಆಷಾಢ ಶ್ರಾವಣದಲ್ಲಿ ಎರಡೂ ನದಿಗಳು ತುಂಬಿ ಹರಿಯುತ್ತವೆ. ಫಾಲ್ಗುಣ ಚೈತ್ರದಲ್ಲಿ ಎರಡೂ ಸೊರಗುತ್ತವೆ. ಬೇಸಿಗೆಯ ಹರಿವನ್ನು ತಿಂಗಳು ತಿಂಗಳಿಗೆ, ಉಪನದಿ ಉಪನದಿಗೆ ಅಳೆದು ಜನರ ಮುಂದಿಡದೆ ಕಾಲುವೆ ತೋಡುವುದು ಖಾತೆಯನ್ನು ನೋಡದೆ ಚೆಕ್ಕು ಬರೆದಂತೆ. ಅದಕ್ಕಿಂತ ಮುಖ್ಯವಾಗಿ, ವರದೆಯ ತನ್ನದೇ ನೂರಾರು ಹಳ್ಳಗಳು ಚೇತರಿಸಿಕೊಂಡರೆ ಅದರ ಕೊರತೆ ಎಷ್ಟು ತಗ್ಗೀತು ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಅದು ತಗ್ಗೀತು ಎಂದು ನಾವು ಬರಿದೇ ಹೇಳಿದರೆ ಅದೂ ಅಳತೆಯಿಲ್ಲದ ಮಾತೇ ಆದೀತು. ವಿರೋಧಿಸುವವರಿಗೂ ಬೆಂಬಲಿಸುವವರಿಗೂ ಒಂದೇ ತಕ್ಕಡಿ ಇರಬೇಕು.

ಮಾಡಬೇಕಾದುದು

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ‘ಹಳ್ಳದ ಪುಸ್ತಕ’ ಇರಲಿ. ಜೀವವೈವಿಧ್ಯ ಕಾಯಿದೆ ಬಂದ ಮೇಲೆ ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಆರಂಭವಾಯಿತು. ಹರಿವಿನ ದಾಖಲೆ ಅದರ ಸಹೋದರನಂತೆ ಬೆಳೆಯಬಹುದು. ಊರಿನ ಪ್ರೌಢಶಾಲೆ ಅಳತೆಯ ಹೊಣೆ ಹೊರಲಿ, ಗಣಿತ ಮತ್ತು ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ವರ್ಷಕ್ಕೆರಡು ಸಲ ಬಂದು ಅಳತೆಯನ್ನು ಪರೀಕ್ಷಿಸಲಿ. ಆ ವರ್ಷದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ಅದನ್ನು ಕೇಳಿದ ಮೇಲೆ ಸಿದ್ಧವಾಗಲಿ.

ಹಿರೇಬೆಂಡಿಗೇರಿಯ ಮತ್ತು ಸುತ್ತಲಿನ ಊರುಗಳ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಹಳ್ಳ ಹಿಂದೆ ಯಾವ ಹಬ್ಬದವರೆಗೆ ಹರಿಯುತ್ತಿತ್ತು ಎಂದು. ಎಳ್ಳಮಾವಾಸ್ಯೆಯೋ, ಶಿವರಾತ್ರಿಯೋ, ಯುಗಾದಿಯೋ? ಆ ಉತ್ತರವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಎರಡನೆಯ ಪುಟದಿಂದ ನಿಮ್ಮ ಅಳತೆಗಳು ಬರಲಿ. ಹತ್ತು ವರ್ಷಗಳ ನಂತರ ಯಾರಾದರೂ ನಿಮ್ಮ ಗುಡ್ಡದ ಬಗ್ಗೆಯೋ ನಿಮ್ಮ ನದಿಯ ಬಗ್ಗೆಯೋ ನಿರ್ಧಾರ ತೆಗೆದುಕೊಂಡು ಬಂದಾಗ ಆ ಪುಸ್ತಕವನ್ನು ಅವರ ಮುಂದೆ ಬಿಚ್ಚಿಡಿ.